“ಮೈ” ಎಲ್ಲಿ, “ಮಿ” ಎಲ್ಲಿ, “ಮೈನ್” ಎಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಬರುವುದಿಲ್ಲ ಎನ್ನುವ ಮಾತನ್ನು ನಾನು ನಂಬುವುದಿಲ್ಲ. ಗೋಕರ್ಣದಲ್ಲಿ ಹೋಂಸ್ಟೇ ನಡೆಸುವವರು ಹೊರದೇಶದ ಅತಿಥಿಗಳ ಜೊತೆ ದಿನವಿಡೀ ಇಂಗ್ಲಿಷಿನಲ್ಲೇ ವ್ಯವಹರಿಸುತ್ತಾರೆ. ಕಾರವಾರದ ನೌಕಾನೆಲೆಯಲ್ಲೋ ಕೈಗಾದಲ್ಲೋ ಕೆಲಸಕ್ಕಿರುವವರು ರಿಪೋರ್ಟ್ ಬರೆಯುತ್ತಾರೆ. ಆದರೂ ಒಂದು ಕಡೆ ಮಾತ್ರ ಚೆನ್ನಾಗಿ ಬಲ್ಲವರೂ ತಡವರಿಸುತ್ತಾರೆ. ನನ್ನ, ನಿನ್ನ, ಅವನ, ಅವರ ಎಂಬ ಪದಗಳು ಇಂಗ್ಲಿಷಿಗೆ ಹೋದಾಗ ಏನಾಗುತ್ತವೆ ಎನ್ನುವುದೇ ಆ ಕಡೆ. ಇಂಗ್ಲಿಷ್ ಹೇಳಿಕೊಡುವಾಗ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ, ಬಾಯಿಬಿಟ್ಟು ಓದಿಕೊಳ್ಳಿ.

‘ನನ್ನ’ ಅಂದರೆ “ಮೈ” ಅಲ್ವಾ? ಹಾಗಿದ್ದರೆ ‘ನನ್ನ ಜೊತೆ’ಗೆ “ವಿತ್ ಮೈ” ಯಾಕೆ ತಪ್ಪು?

ಇದೇ ಎಲ್ಲದರ ಬೇರು. ಇದೊಂದು ಸರಿಯಾಗಿ ಹಿಡಿತಕ್ಕೆ ಬಂದರೆ ಮುಂದಿನ ಅರ್ಧ ಪ್ರಶ್ನೆಗಳು ತಾವಾಗಿಯೇ ಸಡಿಲವಾಗುತ್ತವೆ.

ಕನ್ನಡದಲ್ಲಿ ‘ನನ್ನ’ ಎನ್ನುವುದು ಎರಡು ಕೆಲಸ ಮಾಡುತ್ತದೆ. ವಸ್ತುವಿನ ಮುಂದೆ ನಿಲ್ಲುತ್ತದೆ: ನನ್ನ ಮನೆ, ನನ್ನ ಬಲೆ, ನನ್ನ ತಮ್ಮ. ಜೊತೆ, ಹತ್ತಿರ, ಮುಂದೆ, ಹಿಂದೆ, ಮೇಲೆ, ಬಗ್ಗೆ ಎಂಬ ಪದಗಳ ಮುಂದೆಯೂ ನಿಲ್ಲುತ್ತದೆ: ನನ್ನ ಜೊತೆ, ನನ್ನ ಹಿಂದೆ, ನನ್ನ ಬಗ್ಗೆ. ನಮ್ಮ ಕಿವಿಗೆ ಎರಡೂ ಒಂದೇ ರೀತಿ ಕೇಳುತ್ತವೆ. ಕಾರವಾರದ ಕಡೆ ಕೊಂಕಣಿ ಮನೆಮಾತಿನವರಿಗೂ ಇದೇ ಕಥೆ, ಅಲ್ಲಿಯೂ ‘ಹತ್ತಿರ’ದಂಥ ಪದಗಳ ಮುಂದೆ ‘ನನ್ನ’ ಎಂಬ ರೂಪವೇ ಬರುತ್ತದೆ. ಹಾಗಾಗಿ ಈ ತಪ್ಪು ನಮ್ಮ ಜಿಲ್ಲೆಯಲ್ಲಿ ಎರಡೂ ಭಾಷೆಯಿಂದ ಬರುತ್ತದೆ.

ಇಂಗ್ಲಿಷ್ ಈ ಎರಡು ಕೆಲಸಗಳನ್ನು ಬೇರೆ ಬೇರೆ ಪದಗಳಿಗೆ ಹಂಚಿದೆ. ವಸ್ತುವೋ ವ್ಯಕ್ತಿಯೋ ಇದ್ದರೆ “ಮೈ”. “ವಿತ್”, “ಫಾರ್”, “ಬಿಹೈಂಡ್” ಥರದ ಪದ, ಅಂದರೆ ಪ್ರಿಪೊಸಿಷನ್, ಮಾತ್ರ ಇದ್ದರೆ “ಮಿ”. ನನ್ನ ತಮ್ಮ, “ಮೈ ಬ್ರದರ್”. ನನ್ನ ಜೊತೆ, “ವಿತ್ ಮಿ”. ನೀವು “ಕಮ್ ವಿತ್ ಮೈ” ಎಂದು ನಿಲ್ಲಿಸಿದರೆ ಕೇಳುವವರು ಕಾಯುತ್ತಾರೆ. ‘ನನ್ನ’ ಏನು? ನನ್ನ ಅಣ್ಣನ ಜೊತೆಯೋ, ನನ್ನ ನಾಯಿಯ ಜೊತೆಯೋ? ವಾಕ್ಯ ಅರ್ಧಕ್ಕೆ ನಿಂತಂತೆ ಅವರಿಗೆ ಅನಿಸುತ್ತದೆ. ಅಂಗಡಿಗಳಲ್ಲಿ ಜಾಸ್ತಿ ಕೇಳಿಬರುವ “ದಿಸ್ ಈಸ್ ಫಾರ್ ಯುವರ್” ಕೂಡ ಇದೇ ಜಾತಿಯದು. ಅದು “ದಿಸ್ ಈಸ್ ಫಾರ್ ಯೂ” ಆಗಬೇಕು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ‘ನನ್ನ ತಮ್ಮನ ಜೊತೆ’ ಎನ್ನುವಾಗ ನಾವು ಎರಡು ಸಲ ಷಷ್ಠಿ, ಅಂದರೆ ಒಡೆತನ ಹೇಳುವ ವಿಭಕ್ತಿ, ಹಾಕುತ್ತೇವೆ: ನನ್ನ, ತಮ್ಮನ. ಇಂಗ್ಲಿಷಿನಲ್ಲಿ ಒಂದೇ ಉಳಿಯುತ್ತದೆ: “ವಿತ್ ಮೈ ಬ್ರದರ್”. ‘ತಮ್ಮನ’ ಎಂಬಲ್ಲಿನ ‘ನ’ಕ್ಕೆ ಅಲ್ಲಿ ಕೆಲಸವಿಲ್ಲ. ಯಾಕೆಂದರೆ ಅದು ‘ಜೊತೆ’ಗೆ ಅಂಟಿಕೊಳ್ಳಲು ಬಂದದ್ದು. ಹಾಗೆಯೇ ‘ದೇವಸ್ಥಾನದ ಹಿಂದೆ’ ಎಂದರೆ “ಬಿಹೈಂಡ್ ದ ಟೆಂಪಲ್”. ಮೊದಲು ಹಿಂದೆ, ಆಮೇಲೆ ದೇವಸ್ಥಾನ, ನಡುವಿನ ‘ದ’ ಬಿಟ್ಟುಹೋಗುತ್ತದೆ.

ಅಂದಹಾಗೆ “ಹರ್” ಎಂಬ ಪದದಲ್ಲಿ ಈ ತೊಂದರೆಯೇ ಇಲ್ಲ. “ವಿತ್ ಹರ್” ಕೂಡ ಸರಿ, “ವಿತ್ ಹರ್ ಮದರ್” ಕೂಡ ಸರಿ. ಅವಳ ಬಗ್ಗೆ ಮಾತಾಡುವಾಗ ಯಾರೂ ತಪ್ಪುವುದಿಲ್ಲ, ಅವನ ಬಗ್ಗೆ ಮಾತಾಡುವಾಗಲೇ “ವಿತ್ ಹಿಸ್” ಎಂದು ಜಾರುತ್ತೇವೆ. ಅಲ್ಲಿ “ವಿತ್ ಹಿಮ್” ಬರಬೇಕು.

ಹಾಗಾದರೆ “ಆನ್ ಮೈ ಬಿಹಾಫ್”, “ಬೈ ಮೈ ಸೈಡ್” ಹೇಗೆ ಸರಿಯಾಯಿತು?

ಒಳ್ಳೆಯ ಪ್ರಶ್ನೆ. ಅಲ್ಲಿ ಬಿಹಾಫ್, ಸೈಡ್ ಎರಡೂ ನಾಮಪದಗಳು. ಪ್ರಿಪೊಸಿಷನ್ “ಆನ್”, “ಬೈ” ಮುಂದೆಯೇ ಬಂದು ಕೂತಿದೆ. ನಡುವೆ “ಮೈ”, ಆಮೇಲೆ ಅದಕ್ಕೆ ಬೇಕಾದ ನಾಮಪದ. “ಫಾರ್ ಮೈ ಸೇಕ್”, “ಇನ್ ಮೈ ಆಬ್ಸೆನ್ಸ್”, “ಇನ್ ಮೈ ಒಪಿನಿಯನ್”, “ಇನ್ ಮೈ ಫೇವರ್” ಎಲ್ಲವೂ ಹೀಗೇ.

ಅಕ್ಕಪಕ್ಕ ಇಟ್ಟು ನೋಡಿ. “ಬಿಸೈಡ್ ಮಿ”, “ಬೈ ಮೈ ಸೈಡ್”. ಅರ್ಥ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಬಿಸೈಡ್ ಇಡಿಯಾಗಿ ಪ್ರಿಪೊಸಿಷನ್, ಅದಕ್ಕೇ “ಮಿ”. ಎರಡನೆಯದರಲ್ಲಿ ಸೈಡ್ ಒಂದು ನಾಮಪದ, ಅದಕ್ಕೇ “ಮೈ”. ‘ನನ್ನ ಬದಲಿಗೆ’ ಎನ್ನಲು “ಇನ್‌ಸ್ಟೆಡ್ ಆಫ್ ಮಿ” ಅಥವಾ “ಇನ್ ಮೈ ಪ್ಲೇಸ್”. ಇಲ್ಲೂ ಅದೇ ಲೆಕ್ಕ.

“ಆಫ್” ಎಂದು ಮುಗಿಯುವ ಗುಂಪುಗಳಲ್ಲಿ ಯಾವಾಗಲೂ “ಮಿ”: “ಇನ್ ಫ್ರಂಟ್ ಆಫ್ ಮಿ”, “ಬಿಕಾಸ್ ಆಫ್ ಮಿ”, “ಅಹೆಡ್ ಆಫ್ ಮಿ”. ಬ್ಯಾಂಕಿನಲ್ಲಿ ಅಪ್ಪನ ಪರವಾಗಿ ಅರ್ಜಿ ಕೊಡುವ ಮಗ ಬರೆಯಬೇಕಾದ್ದು “ಆನ್ ಬಿಹಾಫ್ ಆಫ್ ಮೈ ಫಾದರ್” ಎಂದು. “ಆನ್ ಮೈ ಫಾದರ್’ಸ್ ಬಿಹಾಫ್” ಎಂದರೂ ಸರಿ. ಎರಡನ್ನೂ ಕಲಸಿ “ಆನ್ ಬಿಹಾಫ್ ಮೈ ಫಾದರ್” ಎನ್ನುವುದು ಮಾತ್ರ ಬೇಡ.

“ಎ ಮೈ ಫ್ರೆಂಡ್” ಎನ್ನಬಾರದಂತೆ. ‘ನನ್ನ ಒಬ್ಬ ಗೆಳೆಯ’ ಎನ್ನಲು ಮತ್ತೆ ಏನು ದಾರಿ?

ಇಂಗ್ಲಿಷಿನಲ್ಲಿ ನಾಮಪದದ ಮುಂದೆ ಒಂದು ಸೀಟು ಇದೆ ಎಂದುಕೊಳ್ಳಿ, ಕುಮಟಾ–ಶಿರಸಿ ಬಸ್ಸಿನ ಕಿಟಕಿ ಸೀಟಿನ ಹಾಗೆ. ಒಬ್ಬರು ಟವೆಲ್ ಹಾಕಿ ಹಿಡಿದರೆ ಇನ್ನೊಬ್ಬರು ಅಲ್ಲಿ ಕೂರುವಂತಿಲ್ಲ. “ಎ”, “ದ”, “ದಿಸ್”, “ದಟ್”, “ಮೈ”, “ಯುವರ್”, “ರಮೇಶ್’ಸ್” ಎಲ್ಲರೂ ಅದೇ ಸೀಟಿಗೆ ಪೈಪೋಟಿ ಮಾಡುವವರು. ಆದ್ದರಿಂದ “ಎ ಮೈ ಫ್ರೆಂಡ್”, “ದಿಸ್ ಮೈ ಹೌಸ್”, “ದ ಮೈ ಬುಕ್” ಯಾವುದೂ ನಡೆಯುವುದಿಲ್ಲ.

ಇಬ್ಬರೂ ಬೇಕೇ ಬೇಕು ಎಂದಾದರೆ ಒಡೆತನದ ಪದವನ್ನು ಹಿಂದಕ್ಕೆ ಕಳಿಸಬೇಕು. ಕಳಿಸುವಾಗ “ಆಫ್” ಜೊತೆಗೆ ಹೋಗುತ್ತದೆ, “ಮೈ” ಇದ್ದದ್ದು “ಮೈನ್” ಆಗುತ್ತದೆ: “ಎ ಫ್ರೆಂಡ್ ಆಫ್ ಮೈನ್”, “ದಿಸ್ ಹೌಸ್ ಆಫ್ ಮೈನ್”. ನಿಮ್ಮ, ಅವಳ, ನಮ್ಮ, ಅವರ ಎಂಬುವಕ್ಕೆ ಯುವರ್ಸ್, ಹರ್ಸ್, ಅವರ್ಸ್, ದೇರ್ಸ್. ‘ಹಿಸ್’ ಮಾತ್ರ ಬದಲಾಗದೆ ಹಾಗೇ ಉಳಿಯುತ್ತದೆ.

ಇಲ್ಲಿ ಸಹಜವಾಗಿಯೇ ಒಂದು ತಕರಾರು ಬರುತ್ತದೆ. ಪ್ರಿಪೊಸಿಷನ್ ಆದಮೇಲೆ “ಮಿ” ಎಂದು ಈಗಷ್ಟೇ ಹೇಳಿದಿರಿ, “ಆಫ್” ಕೂಡ ಪ್ರಿಪೊಸಿಷನ್ನೇ, ಮತ್ತೆ “ಎ ಫ್ರೆಂಡ್ ಆಫ್ ಮಿ” ಯಾಕಲ್ಲ? “ಮೈನ್” ಒಳಗೆ ಒಂದು ನಾಮಪದ ಅಡಗಿದೆ ಎಂದು ನೋಡಿದರೆ ಗಂಟು ಬಿಚ್ಚುತ್ತದೆ. ‘ನನ್ನ ಗೆಳೆಯರು’ ಎಂಬಷ್ಟೂ ಆ ಒಂದೇ ಪದದಲ್ಲಿದೆ. ಅವರ ಪೈಕಿ ಒಬ್ಬ ಎಂಬ ಭಾವ. ಹೆಸರು ಬಂದಾಗಲೂ ಅಪಾಸ್ಟ್ರಫಿ ಎಸ್ (ಮೇಲೆ ಹಾಕುವ ’ ಗುರುತು, ಆಮೇಲೆ ಎಸ್) ಬಿಡುವುದಿಲ್ಲ: “ಎ ಫ್ರೆಂಡ್ ಆಫ್ ಮೈ ಫಾದರ್’ಸ್”. “ಆಫ್” ಒಂದು, ಅಪಾಸ್ಟ್ರಫಿ ಇನ್ನೊಂದು, ಎರಡೆರಡು ಸಲ ಯಾಕೆ ಎಂದು ಕೇಳಿದರೆ ಭಾಷೆ ಹಾಗೇ ನಡೆದು ಬಂದಿದೆ ಎಂದಷ್ಟೇ ಉತ್ತರ. “ಎ ಫ್ರೆಂಡ್ ಆಫ್ ಮೈ ಫಾದರ್” ಎಂದರೂ ಯಾರೂ ತಪ್ಪು ಎನ್ನುವುದಿಲ್ಲ. ಆದರೆ “ಆಫ್ ಮಿ” ಎಂದರೆ ಮಾತ್ರ ತಪ್ಪೇ.

ಈ ವ್ಯತ್ಯಾಸ ಎಲ್ಲಿ ಉಪಯೋಗಕ್ಕೆ ಬರುತ್ತದೆ? ಕಾರವಾರದ ಟ್ಯಾಗೋರ್ ಕಡಲತೀರದ ಕಥೆ ಹೇಳುವಾಗ ಬರುತ್ತದೆ. ಸತ್ಯೇಂದ್ರನಾಥ ಟ್ಯಾಗೋರ್ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ ರವೀಂದ್ರನಾಥರು ಬಂದು ಅವರ ಮನೆಯಲ್ಲಿ ಉಳಿದಿದ್ದರು. ಪ್ರವಾಸಿಗರಿಗೆ ಇದನ್ನು ಹೇಳುವ ಹುಡುಗರು “ಟ್ಯಾಗೋರ್’ಸ್ ಬ್ರದರ್” ಎನ್ನುತ್ತಾರೆ. ತಪ್ಪೇನಿಲ್ಲ, ಆದರೆ ಗೊತ್ತಿಲ್ಲದವರಿಗೆ ಇದ್ದವನೇ ಒಬ್ಬ ಅಣ್ಣ ಎಂಬಂತೆ ಕೇಳಬಹುದು. ರವೀಂದ್ರನಾಥರಿಗೆ ಅಣ್ಣಂದಿರು ಹಲವರು. “ಆ್ಯನ್ ಎಲ್ಡರ್ ಬ್ರದರ್ ಆಫ್ ಟ್ಯಾಗೋರ್’ಸ್” ಅಥವಾ “ಒನ್ ಆಫ್ ಟ್ಯಾಗೋರ್’ಸ್ ಬ್ರದರ್ಸ್” ಎಂದರೆ ಚಿತ್ರ ಸ್ಪಷ್ಟ.

“ದಟ್ ಸನ್ ಆಫ್ ಯುವರ್ಸ್” ಎಂಬ ಧಾಟಿಯನ್ನು ಮಾತ್ರ ನೋಡಿ ಬಳಸಿ. ‘ನಿನ್ನ ಆ ಮಗರಾಯ’ ಎಂದ ಹಾಗೆ. ಸಲಿಗೆಯಲ್ಲಿ ಅಂದರೆ ನಗು, ಇಲ್ಲದಿದ್ದರೆ ಜಗಳ.

“ಒನ್ ಆಫ್ ಮೈ ಫ್ರೆಂಡ್” ಸರಿಯಾ?

ಇಲ್ಲ. “ಒನ್ ಆಫ್ ಮೈ ಫ್ರೆಂಡ್ಸ್”. ಹಲವರಲ್ಲಿ ಒಬ್ಬ ಎಂದಮೇಲೆ ಆ ಹಲವರು ಬಹುವಚನದಲ್ಲೇ ಇರಬೇಕು. ಕ್ರಿಯಾಪದ ಮಾತ್ರ ಆ ಒಬ್ಬನದು: “ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಇನ್ ಗೋವಾ”. ಇದಕ್ಕೇ ಅಂಟಿಕೊಂಡ ಇನ್ನೊಂದು ರೂಢಿ “ಮೈ ಒನ್ ಅಂಕಲ್ ಈಸ್ ಇನ್ ಮುಂಬೈ”. ‘ನಮ್ಮ ಒಬ್ಬ ಮಾವ’ ಎಂಬುದರ ನೇರ ಪಡಿಯಚ್ಚು ಅದು. ಇಂಗ್ಲಿಷಿನಲ್ಲಿ ಕೇಳಿದರೆ ‘ನನಗಿರುವವನೇ ಒಬ್ಬ ಮಾವ’ ಎನಿಸುತ್ತದೆ.

‘ನನ್ನ ಫೋಟೋ’ಗೆ ಮೂರು ರೂಪ ಕೇಳಿದ್ದೇನೆ. ಯಾವುದು ಸರಿ?

ಮೂರೂ ಸರಿ, ಅರ್ಥ ಬೇರೆ. “ಎ ಫೋಟೋ ಆಫ್ ಮಿ” ಎಂದರೆ ಅದರಲ್ಲಿ ನನ್ನ ಮುಖ ಇದೆ. “ಎ ಫೋಟೋ ಆಫ್ ಮೈನ್” ಎಂದರೆ ಅದು ನನಗೆ ಸೇರಿದ್ದು, ಅಥವಾ ನಾನು ತೆಗೆದದ್ದು. ಅದರಲ್ಲಿ ಮಿರ್ಜಾನ್ ಕೋಟೆ ಇರಬಹುದು, ಯಾಣದ ಬಂಡೆ ಇರಬಹುದು. “ಮೈ ಫೋಟೋ” ಎಂದರೆ ಎರಡೂ ಆಗಬಹುದು, ಸಂದರ್ಭ ನೋಡಿ ತಿಳಿಯಬೇಕು. ಫಾರ್ಮ್ ತುಂಬುವಾಗ “ಮೈ ಫೋಟೋ” ಸಾಕು. ಯಕ್ಷಗಾನದ ಫೋಟೋ ತೆಗೆಯುವವರು, ವೇಷ ಕಟ್ಟುವವರು ಇಬ್ಬರೂ ಒಂದೇ ಕಡೆ ಸೇರಿ ‘ನನ್ನ ಫೋಟೋ’ ಎಂದು ಮಾತಾಡಿಕೊಂಡರೆ ಮೇಲಿನ ವ್ಯತ್ಯಾಸ ಬೇಕಾಗುತ್ತದೆ.

ಅಪಾಸ್ಟ್ರಫಿ ಎಸ್ ಯಾವಾಗ, “ಆಫ್” ಯಾವಾಗ?

ಶಾಲೆಯಲ್ಲಿ ಹೇಳಿಕೊಟ್ಟ ಸೂತ್ರ ಇದು: ಜೀವ ಇರುವುದಕ್ಕೆ ಅಪಾಸ್ಟ್ರಫಿ, ಇಲ್ಲದ್ದಕ್ಕೆ “ಆಫ್”. ಇದು ಮುಕ್ಕಾಲು ಪಾಲು ಕೆಲಸ ಮಾಡುತ್ತದೆ. “ದ ಫಿಶರ್‌ಮ್ಯಾನ್’ಸ್ ಬೋಟ್”, “ದ ಕೌ’ಸ್ ಲೆಗ್”. ಮೇಜಿನ ಕಾಲಿಗೆ “ದ ಲೆಗ್ ಆಫ್ ದ ಟೇಬಲ್”.

ಉಳಿದ ಕಾಲು ಪಾಲು ಹೀಗಿದೆ. ಊರು, ದೇಶ, ಸಂಸ್ಥೆಗಳಿಗೆ ಅಪಾಸ್ಟ್ರಫಿ ಆರಾಮಾಗಿ ಬರುತ್ತದೆ: “ಕಾರವಾರ್’ಸ್ ಬೀಚಸ್”. ಕಾಲಕ್ಕೂ ಬರುತ್ತದೆ: “ಟುಡೇ’ಸ್ ಪೇಪರ್”, “ಯೆಸ್ಟರ್‌ಡೇ’ಸ್ ಫಿಶ್”, “ಎ ವೀಕ್’ಸ್ ಲೀವ್”. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದಲ್ಲ, ಆ ಕಾಯುವಿಕೆ “ಟೂ ಇಯರ್ಸ್’ ವೇಟ್”. ಇಲ್ಲಿ ಇಯರ್ಸ್ ಬಹುವಚನವಾದ್ದರಿಂದ ಅಪಾಸ್ಟ್ರಫಿ ಎಸ್ ಆದಮೇಲೆ ಬರುತ್ತದೆ.

ಒಡೆಯನ ವಿವರಣೆ ಉದ್ದವಾದಾಗ ಮನುಷ್ಯನಿಗೂ “ಆಫ್” ಹಗುರ. ‘ನನ್ನ ಹೆಂಡತಿಯ ಅಣ್ಣನ ಮಗಳ ಮದುವೆ’ಯನ್ನು “ಮೈ ವೈಫ್’ಸ್ ಬ್ರದರ್’ಸ್ ಡಾಟರ್’ಸ್ ವೆಡ್ಡಿಂಗ್” ಎನ್ನಬಹುದು, ವ್ಯಾಕರಣ ತಡೆಯುವುದಿಲ್ಲ. ಆದರೆ ಕೇಳುವವರು ಅಷ್ಟರಲ್ಲಿ ದಾರಿ ತಪ್ಪಿರುತ್ತಾರೆ. “ದ ವೆಡ್ಡಿಂಗ್ ಆಫ್ ಮೈ ವೈಫ್’ಸ್ ನೀಸ್” ಎಂದರೆ ಮುಗಿಯಿತು. ನಮ್ಮಲ್ಲಿ ಸಂಬಂಧವನ್ನು ಎಳೆ ಎಳೆಯಾಗಿ ಬಿಡಿಸಿ ಹೇಳದಿದ್ದರೆ ಸಮಾಧಾನವಿಲ್ಲ, ಇಂಗ್ಲಿಷಿನವರಿಗೆ ಅಷ್ಟು ಕುತೂಹಲ ಇಲ್ಲ.

ಕನ್ನಡದಲ್ಲಿ ‘ಯ’, ‘ದ’, ‘ನ’ ಕಂಡ ಕಡೆಯಲ್ಲೆಲ್ಲ “ಆಫ್” ಹಾಕಬಹುದಾ?

ಹಾಕಬಾರದು. ವ್ಯಾಕರಣ ಪುಸ್ತಕದಲ್ಲಿ ಈ ವಿಷಯಕ್ಕೆ ಎರಡೇ ಸಾಲು ಇರುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಮ್ಮ ಷಷ್ಠಿ ಬಹಳ ಉದಾರಿ. ಯಾವ ಎರಡು ವಿಷಯಗಳ ನಡುವೆ ಏನೇ ಸಂಬಂಧ ಇರಲಿ, ಒಂದು ‘ಯ’ ಹಚ್ಚಿ ಕೂಡಿಸಿಬಿಡುತ್ತದೆ. ಇಂಗ್ಲಿಷ್ ಹಾಗಲ್ಲ, ಏನು ಸಂಬಂಧ ಎಂದು ಪ್ರತಿ ಸಲವೂ ಕೇಳುತ್ತದೆ.

‘ಶಿರಸಿಯ ರಸ್ತೆ’ ಎಂದರೆ ಶಿರಸಿಗೆ ಹೋಗುವ ರಸ್ತೆ. ಹಾಗಾಗಿ “ದ ರೋಡ್ ಟು ಶಿರಸಿ”. ಶಿರಸಿ ಪೇಟೆಯ ಒಳಗಿನ ರಸ್ತೆಗಳ ಬಗ್ಗೆ ಹೇಳುವುದಾದರೆ “ದ ರೋಡ್ಸ್ ಇನ್ ಶಿರಸಿ”. ‘ಕುಮಟೆಯ ಟಿಕೆಟ್’, “ಎ ಟಿಕೆಟ್ ಟು ಕುಮಟಾ”. ‘ರೂಮಿನ ಕೀ’, “ದ ಕೀ ಟು ದ ರೂಮ್”, ಹೋಂಸ್ಟೇಯವರು ಇದನ್ನು ದಿನಾ ಬಳಸಬೇಕು. ‘ಪ್ರಶ್ನೆಯ ಉತ್ತರ’, “ದ ಆನ್ಸರ್ ಟು ದ ಕ್ವೆಶ್ಚನ್”. ‘ಮದುವೆಯ ಆಮಂತ್ರಣ’, “ಆ್ಯನ್ ಇನ್ವಿಟೇಷನ್ ಟು ದ ವೆಡ್ಡಿಂಗ್”. ‘ಅಡಿಕೆ ದರದ ಏರಿಕೆ’, “ದ ರೈಸ್ ಇನ್ ದ ಪ್ರೈಸ್ ಆಫ್ ಅರೆಕಾನಟ್”. ಇಲ್ಲಿ ಒಂದೇ ಮಾತಿನಲ್ಲಿ “ಇನ್” ಮತ್ತು “ಆಫ್” ಎರಡೂ ಬಂದಿವೆ. ಏರಿಕೆ ದರದಲ್ಲಿ ಆದದ್ದು, ದರ ಅಡಿಕೆಯದು. ‘ಗೈರುಹಾಜರಿಯ ಕಾರಣ’, “ದ ರೀಸನ್ ಫಾರ್ ಮೈ ಆಬ್ಸೆನ್ಸ್”. ಆದರೆ ‘ಅಪಘಾತದ ಕಾರಣ’, “ದ ಕಾಸ್ ಆಫ್ ದ ಆ್ಯಕ್ಸಿಡೆಂಟ್”. ರೀಸನ್‌ಗೆ “ಫಾರ್”, ಕಾಸ್‌ಗೆ “ಆಫ್”. ಯಾಕೆ ಎಂದು ಕೇಳಿ ಸಮಯ ಕಳೆಯುವುದಕ್ಕಿಂತ ಜೋಡಿಯಾಗಿಯೇ ಕಲಿಯುವುದು ಲೇಸು.

2024ರ ಆಗಸ್ಟ್‌ನಲ್ಲಿ ಕಾರವಾರ–ಸದಾಶಿವಗಡ ನಡುವಿನ ‘ಕಾಳಿ ನದಿಯ ಹಳೇ ಸೇತುವೆಯ ಕುಸಿತ’ ಎಲ್ಲರಿಗೂ ನೆನಪಿದೆ. ಇದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ “ಕಾಳಿ ರಿವರ್’ಸ್ ಓಲ್ಡ್ ಬ್ರಿಡ್ಜ್’ಸ್ ಕೊಲ್ಯಾಪ್ಸ್” ಎಂದು ಬರೆಯುವವರು ಇದ್ದಾರೆ. “ದ ಕೊಲ್ಯಾಪ್ಸ್ ಆಫ್ ದ ಓಲ್ಡ್ ಬ್ರಿಡ್ಜ್ ಓವರ್ ದ ಕಾಳಿ” ಎಂದರೆ ಸರಿ. ಕುಸಿದದ್ದು ಸೇತುವೆ, ಅಲ್ಲಿ “ಆಫ್”. ಸೇತುವೆ ನದಿಯ ಸೊತ್ತಲ್ಲ, ನದಿಯ ಮೇಲೆ ಹಾದುಹೋಗುವಂಥದ್ದು, ಅಲ್ಲಿ “ಓವರ್” ಅಥವಾ “ಅಕ್ರಾಸ್”. ನದಿಯದ್ದೇ ಆದ ಭಾಗ ಬೇಕಿದ್ದರೆ, ಅಂದರೆ ಅಳಿವೆಗೆ, “ದ ಮೌತ್ ಆಫ್ ದ ಕಾಳಿ”.

ಭಾವನೆಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ‘ಹಾವಿನ ಭಯ’ ಎಂದರೆ ನಮಗೆ ಹಾವು ಕಂಡರೆ ಆಗುವ ಹೆದರಿಕೆ. “ದ ಸ್ನೇಕ್’ಸ್ ಫಿಯರ್” ಎಂದರೆ ಹೆದರಿದ್ದು ಹಾವು! ಅಪಾಸ್ಟ್ರಫಿ ಯಾರಿಗೆ ಹತ್ತಿತೋ ಅವರೇ ಆ ಭಾವನೆ ಪಡುವವರು. ಯಾವುದರ ಕಡೆಗೆ ಆ ಭಾವನೆ ಎಂಬುದನ್ನು ಪ್ರಿಪೊಸಿಷನ್ ಹೇಳುತ್ತದೆ: “ಮೈ ಫಿಯರ್ ಆಫ್ ಸ್ನೇಕ್ಸ್”, “ಹರ್ ಇಂಟರೆಸ್ಟ್ ಇನ್ ಯಕ್ಷಗಾನ”, “ದೇರ್ ರೆಸ್ಪೆಕ್ಟ್ ಫಾರ್ ಟೀಚರ್ಸ್”, “ಹರ್ ಮ್ಯಾರೇಜ್ ಟು ಎ ಡಾಕ್ಟರ್”. ಕೊನೆಯದರಲ್ಲಿ ‘ಡಾಕ್ಟರ್ ಜೊತೆ ಮದುವೆ’ ಎಂದು ನಾವು ಹೇಳುವುದರಿಂದ “ವಿತ್” ಬಾಯಿಗೆ ಬರುತ್ತದೆ, ಅಲ್ಲಿ ಬರಬೇಕಾದದ್ದು “ಟು”.

‘ಮೀನಿನ ಮಾರ್ಕೆಟ್’ಗೆ “ಫಿಶ್’ಸ್ ಮಾರ್ಕೆಟ್” ಎನ್ನಬೇಕೇ?

ಬೇಡ. ಮಾರ್ಕೆಟ್ ಮೀನಿಗೆ ಸೇರಿದ್ದಲ್ಲ, ಅದು ಯಾವ ಬಗೆಯ ಮಾರ್ಕೆಟ್ ಎಂದು ಹೇಳುತ್ತಿದ್ದೇವೆ ಅಷ್ಟೇ. ಬಗೆ ಹೇಳುವಾಗ ಎರಡು ನಾಮಪದಗಳನ್ನು ಸುಮ್ನೆ ಪಕ್ಕದಲ್ಲಿಟ್ಟರೆ ಸಾಕು: “ಫಿಶ್ ಮಾರ್ಕೆಟ್”, “ಟೆಂಪಲ್ ಕಾರ್” (ದೇವಸ್ಥಾನದ ತೇರು), “ರಂಪಣಿ ನೆಟ್” (ದಡದಿಂದ ಎಳೆಯುವ ದೊಡ್ಡ ಬಲೆ), “ಮ್ಯಾಂಗೊ ಟ್ರೀ”. ಮರದ ತುಂಬ ಮಾವು ಇದ್ದರೂ ಮೊದಲ ಪದ ಸಾಮಾನ್ಯವಾಗಿ ಏಕವಚನದಲ್ಲೇ ಇರುತ್ತದೆ. ಸರಕಿನ ಹೆಸರಿಗೂ ಇದೇ: 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ಅಡಿಕೆ “ಶಿರಸಿ ಸುಪಾರಿ”, “ಶಿರಸಿ’ಸ್ ಸುಪಾರಿ” ಅಲ್ಲ.

ಇಬ್ಬರ ಅಂಗಡಿ ಎನ್ನುವಾಗ ಅಪಾಸ್ಟ್ರಫಿ ಯಾರಿಗೆ?

ಅಂಗಡಿ ಒಂದೇ, ಪಾಲುದಾರರು ಇಬ್ಬರು ಎಂದಾದರೆ ಕೊನೆಯವರಿಗೆ ಮಾತ್ರ: “ಗಣೇಶ್ ಆ್ಯಂಡ್ ಸವಿತಾ’ಸ್ ಶಾಪ್”. ಇಬ್ಬರಿಗೂ ಬೇರೆ ಬೇರೆ ಅಂಗಡಿ ಇದ್ದರೆ ಇಬ್ಬರಿಗೂ. ಭಾವನ ಅಂಗಡಿಗೆ “ಮೈ ಬ್ರದರ್-ಇನ್-ಲಾ’ಸ್ ಶಾಪ್”, ಅಂದರೆ ಇಡೀ ಗುಂಪಿನ ಬಾಲಕ್ಕೆ ಅಪಾಸ್ಟ್ರಫಿ. “ಮೈ ಆ್ಯಂಡ್ ಮೈ ವೈಫ್’ಸ್ ಹೌಸ್” ಎಂದು ಕಷ್ಟಪಡಬೇಡಿ, “ಅವರ್ ಹೌಸ್” ಎಂಬ ಪದ ಇರುವುದೇ ಅದಕ್ಕೆ.

“ಇಟ್ಸ್” ಬರೆಯುವಾಗ ಅಪಾಸ್ಟ್ರಫಿ ಬೇಕೋ ಬೇಡವೋ?

‘ಅದರ’ ಎಂಬ ಅರ್ಥದಲ್ಲಿ ಬೇಡ. ‘ಅದು ಆಗಿದೆ’ ಎಂಬ ಅರ್ಥದಲ್ಲಿ, ಅಂದರೆ “ಇಟ್ ಈಸ್” ಅಥವಾ “ಇಟ್ ಹ್ಯಾಸ್” ಕೂಡಿಕೊಂಡಾಗ, ಬೇಕು. ಅನುಮಾನ ಬಂದರೆ “ಇಟ್ ಈಸ್” ಎಂದೋ “ಇಟ್ ಹ್ಯಾಸ್” ಎಂದೋ ಬಿಡಿಸಿ ಓದಿ. ಎರಡರಲ್ಲೂ ಅರ್ಥ ಕೆಟ್ಟರೆ ಅಪಾಸ್ಟ್ರಫಿ ತೆಗೆಯಿರಿ. ಹರ್ಸ್, ಅವರ್ಸ್, ಯುವರ್ಸ್, ದೇರ್ಸ್ ಯಾವುದಕ್ಕೂ ಅಪಾಸ್ಟ್ರಫಿ ಇಲ್ಲ. ಸರ್ವನಾಮಗಳು ಹುಟ್ಟಿನಿಂದಲೇ ಒಡೆತನದ ರೂಪ ಹೊತ್ತಿವೆ, ಬೇರೆ ಗುರುತು ಬೇಡ.

ಇಂಗ್ಲಿಷಿನವರಿಗೇ ಇದು ಗೊಂದಲ. ಹಳೆಯ ಇಂಗ್ಲಿಷಿನಲ್ಲಿ ಒಡೆತನಕ್ಕೆ ‘ಎಸ್’ ಎಂಬ ಉಚ್ಚಾರದ ಪೂರ್ತಿ ಪ್ರತ್ಯಯವೇ ಇತ್ತು, ಬರೆಯುವಾಗ ‘ಇ’ ಮತ್ತು ‘ಎಸ್’ ಎರಡು ಅಕ್ಷರ. ಕಾಲಕ್ರಮೇಣ ‘ಇ’ ಉದುರಿತು, ಉದುರಿದ ಜಾಗದ ಗುರುತಾಗಿ ಅಪಾಸ್ಟ್ರಫಿ ಬಂತು. ವಸ್ತುಗಳಿಗೆ ಹೇಳುವ “ಇಟ್ಸ್” ಎಂಬ ರೂಪವಂತೂ 16ನೇ ಶತಮಾನದ ಕೊನೆಯ ಹೊತ್ತಿಗೆ ಬಳಕೆಗೆ ಬಂದದ್ದು. ಅದಕ್ಕೂ ಮುಂಚೆ ಜೀವವಿಲ್ಲದ್ದಕ್ಕೂ “ಹಿಸ್” ಎನ್ನುತ್ತಿದ್ದರು.

‘ನಮ್ಮ ಅಮ್ಮ’ ಎಂದರೆ “ಅವರ್ ಮದರ್” ಅಲ್ವಾ? ‘ಸರ್ ಅವರ ಮನೆ’ಗೆ “ದೇರ್ ಹೌಸ್” ಅಲ್ವಾ?

ಎರಡೂ ಕಡೆ ಕನ್ನಡದ ಸೌಜನ್ಯ ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ. ನಮ್ಮ ಅಮ್ಮ, ನಮ್ಮ ಮನೆ, ನಮ್ಮ ಭಾವ ಎಂದು ನಾವು ಒಬ್ಬರೇ ಇದ್ದರೂ ‘ನಮ್ಮ’ ಎನ್ನುತ್ತೇವೆ. ‘ನನ್ನ ಅಮ್ಮ’ ಎಂದರೆ ಕಿವಿಗೆ ಅಷ್ಟು ಹಿತವಲ್ಲ. ಇಂಗ್ಲಿಷಿನಲ್ಲಿ “ಮೈ ಮದರ್” ಎನ್ನುವುದೇ ಸಹಜ. ಪಕ್ಕದಲ್ಲಿ ಒಡಹುಟ್ಟಿದವರಿದ್ದು ಇಬ್ಬರ ಪರವಾಗಿ ಹೇಳುವಾಗ “ಅವರ್ ಮದರ್”. ಇನ್ನು ‘ನಮ್ಮನೆಯವರು’ ಎಂಬುದಕ್ಕೆ “ಮೈ ಹಸ್ಬೆಂಡ್” ಎಂದರೆ ಮುಗಿಯಿತು, ಅಲ್ಲಿ ಮನೆಯನ್ನು ಎಳೆದು ತರುವ ಅಗತ್ಯವಿಲ್ಲ.

‘ಸರ್ ಅವರ ಮನೆ’ ಎಂಬಲ್ಲಿ ‘ಅವರ’ ಗೌರವದ್ದು. ಇಂಗ್ಲಿಷ್ ಸರ್ವನಾಮದಲ್ಲಿ ಅಂಥ ಗೌರವಸೂಚಕ ಬಹುವಚನ ಇಲ್ಲ. ಎಷ್ಟೇ ದೊಡ್ಡವರಾಗಲಿ ಒಬ್ಬ ಗಂಡಸಿಗೆ “ಹಿಸ್ ಹೌಸ್”, ಒಬ್ಬ ಹೆಂಗಸಿಗೆ “ಹರ್ ಹೌಸ್”. ಹೀಗೆ ಹೇಳಲು ನಮ್ಮವರಿಗೆ ಮನಸ್ಸಾಗುವುದಿಲ್ಲ, ಏಕವಚನದಲ್ಲಿ ಕರೆದಂತೆ ಅನಿಸುತ್ತದೆ. ಅಷ್ಟು ಸಂಕೋಚ ಇದ್ದರೆ ಸರ್ವನಾಮವನ್ನೇ ಬಿಟ್ಟು “ದ ಪ್ರಿನ್ಸಿಪಾಲ್’ಸ್ ಹೌಸ್” ಎನ್ನಿ. ಗಂಡೋ ಹೆಣ್ಣೋ ಗೊತ್ತಿಲ್ಲದಾಗ ಒಬ್ಬರಿಗೇ “ದೇರ್” ಬಳಸುವ ರೂಢಿ ಇಂಗ್ಲಿಷಿನಲ್ಲಿ ಇದೆ: “ಸಮ್‌ಒನ್ ಲೆಫ್ಟ್ ದೇರ್ ಅಂಬ್ರೆಲಾ”. ಅದಕ್ಕೂ ಗೌರವಕ್ಕೂ ಸಂಬಂಧ ಇಲ್ಲ.

‘ಕಾಲು ಮುರಿದುಕೊಂಡ’ ಎನ್ನಲು “ಹಿ ಬ್ರೋಕ್ ಲೆಗ್” ಸಾಲುವುದಿಲ್ಲವೇ?

ಸಾಲುವುದಿಲ್ಲ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರದಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ ಎನ್ನುವಾಗ ಯಾರ ಕಾಲು ಎಂದು ನಾವು ಹೇಳುವುದೇ ಇಲ್ಲ. ‘ಕೊಂಡ’ ಎಂಬ ತುಂಡೇ ಅದನ್ನು ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ‘ಕೊಳ್ಳು’ ಇಲ್ಲ, ಆ ಕೆಲಸ ಒಡೆತನದ ಪದದ ಪಾಲಿಗೆ ಬಂದಿದೆ: “ಹಿ ಬ್ರೋಕ್ ಹಿಸ್ ಲೆಗ್”. ಕೈ ತೊಳೆದುಕೋ, “ವಾಶ್ ಯುವರ್ ಹ್ಯಾಂಡ್ಸ್”. ತಲೆ ಬಾಚಿಕೊಂಡಳು, “ಶಿ ಕೋಂಬ್ಡ್ ಹರ್ ಹೇರ್”. ಕನ್ನಡದಲ್ಲಿ ‘ಕೊಂಡು’ ಕಂಡರೆ, ಅದು ದೇಹಕ್ಕೋ ಬಟ್ಟೆಗೋ ಸಂಬಂಧಿಸಿದ್ದಾದರೆ, ಇಂಗ್ಲಿಷಿನಲ್ಲಿ ಒಂದು “ಹಿಸ್”, “ಹರ್”, “ಮೈ” ಬೇಕು ಎಂದು ಇಟ್ಟುಕೊಳ್ಳಿ.

ಆದರೆ ಬೇರೆಯವರ ಮೈ ಮುಟ್ಟಿದಾಗ ಲೆಕ್ಕ ತಿರುಗುತ್ತದೆ. ‘ಅವಳು ನನ್ನ ಕೈ ಹಿಡಿದು ಕರೆದುಕೊಂಡು ಹೋದಳು’, “ಶಿ ಟುಕ್ ಮಿ ಬೈ ದ ಹ್ಯಾಂಡ್”. ‘ತೆಂಗಿನಕಾಯಿ ಅವನ ತಲೆ ಮೇಲೆ ಬಿತ್ತು’ ಎಂಬುದಕ್ಕೆ “ಎ ಕೋಕನಟ್ ಹಿಟ್ ಹಿಮ್ ಆನ್ ದ ಹೆಡ್”. ಯಾರು ಎಂಬುದನ್ನು “ಮಿ”, “ಹಿಮ್” ಆಗಲೇ ಹೇಳಿದೆ, ಪ್ರಿಪೊಸಿಷನ್ ಆದಮೇಲೆ “ದ” ಸಾಕು.

‘ತನ್ನ’ ಮತ್ತು ‘ಅವನ’ ಎರಡಕ್ಕೂ “ಹಿಸ್” ಒಂದೇ ಆದರೆ ಗೊಂದಲ ಆಗುವುದಿಲ್ಲವೇ?

ಆಗುತ್ತದೆ, ಇಂಗ್ಲಿಷಿನವರಿಗೂ ಆಗುತ್ತದೆ. ‘ಮಂಜುನಾಥ ಗಣಪತಿಗೆ ತನ್ನ ಬಲೆ ಕೊಟ್ಟ’ ಎಂದರೆ ಬಲೆ ಮಂಜುನಾಥನದು. ‘ಅವನ ಬಲೆ ಕೊಟ್ಟ’ ಎಂದರೆ ಗಣಪತಿಯದು, ಅಥವಾ ಮೂರನೆಯವನದು. “ಮಂಜುನಾಥ ಗೇವ್ ಗಣಪತಿ ಹಿಸ್ ನೆಟ್” ಎಂದರೆ ಯಾರದು ಎಂದು ದೇವರೇ ಹೇಳಬೇಕು. ಈ ಒಂದು ವಿಷಯದಲ್ಲಿ ನಮ್ಮ ಭಾಷೆಯೇ ಅನುಕೂಲ. ಸ್ಪಷ್ಟ ಮಾಡಲು “ಹಿಸ್ ಓನ್ ನೆಟ್” ಎನ್ನಿ, ಅಥವಾ ಹೆಸರು ಮತ್ತೊಮ್ಮೆ ಹೇಳಿ.

“ಓನ್” ಎಂಬ ಪದ ಒಂಟಿಯಾಗಿ ನಿಲ್ಲುವುದಿಲ್ಲ. “ಆ್ಯನ್ ಓನ್ ಬೋಟ್” ತಪ್ಪು. “ಮೈ ಓನ್ ಬೋಟ್”, ಇಲ್ಲವೇ “ಎ ಬೋಟ್ ಆಫ್ ಮೈ ಓನ್”. ನಮ್ಮ ಕಡೆ ‘ಓನ್ ಬೋಟ್, ಓನ್ ಮನೆ’ ಎಂದು ಕನ್ನಡದ ನಡುವೆ ಹೇಳುವುದು ಬೇರೆ ವಿಷಯ, ಅದು ಕನ್ನಡ. “ಆನ್ ಮೈ ಓನ್” ಎಂದರೆ ಒಬ್ಬನೇ, ಯಾರ ನೆರವೂ ಇಲ್ಲದೆ.

‘ನನ್ನ ಹತ್ತಿರ ದುಡ್ಡಿದೆ’ ಎನ್ನಲು “ನಿಯರ್ ಮಿ” ಬಳಸಬಹುದೇ?

ಇಲ್ಲ. “ಐ ಹ್ಯಾವ್ ಮನಿ”. ಪಕ್ಕದಲ್ಲಿ ಬಿದ್ದಿದೆ ಎಂದಾದರೆ ಮಾತ್ರ “ನಿಯರ್ ಮಿ”. ಈಗ ಕೈಯಲ್ಲಿದೆ ಎಂಬುದನ್ನು ಒತ್ತಿ ಹೇಳಬೇಕಿದ್ದರೆ “ಐ ಹ್ಯಾವ್ ಸಮ್ ಮನಿ ಆನ್ ಮಿ”. ‘ನನಗೆ ಇಬ್ಬರು ಅಕ್ಕಂದಿರು’ ಎಂಬುದಕ್ಕೂ “ಐ ಹ್ಯಾವ್” ಸಾಕು.

“ಥ್ಯಾಂಕ್ ಯೂ ಫಾರ್ ಯುವರ್ ಕಮಿಂಗ್” ಸರಿಯೇ?

“ಥ್ಯಾಂಕ್ ಯೂ ಫಾರ್ ಕಮಿಂಗ್” ಎಂದರೆ ಸಾಕು. ಬಂದವರು ಯಾರೆಂದು “ಯೂ” ಹೇಳಿಯಾಗಿದೆ. ಮಾಡುವವನು ಬೇರೆ ಇದ್ದಾಗ ಒಡೆತನದ ಪದಕ್ಕೆ ಕೆಲಸ ಬರುತ್ತದೆ: ಮಳೆಗಾಲದಲ್ಲಿ ಅವನು ಸಮುದ್ರಕ್ಕೆ ಹೋಗುವುದು ನನಗೆ ಇಷ್ಟವಿಲ್ಲ, “ಐ ಡೋಂಟ್ ಲೈಕ್ ಹಿಸ್ ಗೋಯಿಂಗ್ ಟು ಸೀ ಇನ್ ದ ಮಾನ್ಸೂನ್”. ಮಾತಿನಲ್ಲಿ “ಹಿಮ್ ಗೋಯಿಂಗ್” ಎಂದೇ ಜಾಸ್ತಿ ಕೇಳುತ್ತೀರಿ. ಬರವಣಿಗೆಯಲ್ಲಿ “ಹಿಸ್” ಇಟ್ಟರೆ ಗಂಭೀರವಾಗಿ ಕಾಣುತ್ತದೆ. ನಾನಂತೂ ಎರಡನ್ನೂ ತಿದ್ದುವುದಿಲ್ಲ.

ನಿಜವಾದ ನಾಮಪದ ಸಿಕ್ಕರೆ ಇನ್ನೂ ಚೆನ್ನ. ಮದುವೆ ಕಾಗದದಲ್ಲಿ “ಯುವರ್ ಕಮಿಂಗ್” ಬದಲು “ಯುವರ್ ಪ್ರೆಸೆನ್ಸ್ ಅಟ್ ದ ವೆಡ್ಡಿಂಗ್ ಆಫ್ ಅವರ್ ಡಾಟರ್” ಎಂದು ಬರೆಸಿ. ಇದರಲ್ಲಿ ಹಾಜರಿಗೆ “ಅಟ್”, ಮದುವೆಗೆ “ಆಫ್”, ಮಗಳಿಗೆ “ಅವರ್”. ಕಾಗದ ಅಪ್ಪ ಅಮ್ಮ ಇಬ್ಬರ ಹೆಸರಿನಲ್ಲಿ ಇರುವುದರಿಂದ ಇಲ್ಲಿ “ಅವರ್” ನಿಜವಾಗಿಯೂ ಬಹುವಚನ.

ರಜೆ ಅರ್ಜಿಗೆ ಒಂದು ಸರಿಯಾದ ಸಾಲು ಬರೆದುಕೊಡುತ್ತೀರಾ?

ಖಂಡಿತ. “ಐ ರಿಕ್ವೆಸ್ಟ್ ಎ ವೀಕ್’ಸ್ ಲೀವ್ ಫಾರ್ ಮೈ ಸಿಸ್ಟರ್’ಸ್ ವೆಡ್ಡಿಂಗ್ ಇನ್ ಶಿರಸಿ. ಎ ಕಲೀಗ್ ಆಫ್ ಮೈನ್ ಹ್ಯಾಸ್ ಅಗ್ರೀಡ್ ಟು ವರ್ಕ್ ಇನ್ ಮೈ ಪ್ಲೇಸ್.” “ಒನ್ ವೀಕ್ ಲೀವ್” ಎಂದು ಬರೆಯುವವರು “ಒನ್ ವೀಕ್’ಸ್ ಲೀವ್” ಎಂದು ತಿದ್ದಿಕೊಳ್ಳಿ. ಎರಡು ವಾರವಾದರೆ ಅಪಾಸ್ಟ್ರಫಿ ‘ವೀಕ್ಸ್’ ಮುಗಿದ ಮೇಲೆ. ಕೆಳಗೆ “ಯುವರ್ಸ್ ಫೇತ್‌ಫುಲಿ” ಬರೆಯುವಾಗ ಅಪಾಸ್ಟ್ರಫಿ ಬೇಡ. ಅದರ ಕೆಳಗೆ ಸಹಿ, ಹೆಸರು.